ಕತ್ತರಿಸದ ಹಾಳೆ

ಹಿಂದಿನವರು ಏನು ಹೇಳಿದ್ದಾರೆಂದು ಓದದೆ, ಹೊಸತೆಂದು ಏನನ್ನೂ ಬರೆಯುವುದಿಲ್ಲ. ಕಾರ್ಕಳದ ಆಚೆಯ ಇಂಜಿನಿಯರಿಂಗ್ ಕಾಲೇಜಿಗೆ ಮೇಷ್ಟ್ರಾಗಿ ಸೇರಿದ ದಿನವೇ ಕಬೀರ್ ಹಾಗೆಂದು ಮಾತು ಕೊಟ್ಟಿದ್ದ. ಮಾತು ತೆಗೆದುಕೊಂಡವರು ವಿಭಾಗದ ಮುಖ್ಯಸ್ಥ ಸರ್ವೋತ್ತಮ ಕಾಮತರು. "ನಾನೂ ಅಷ್ಟೇ. ಹಳತಿನ ಜೊತೆ ತಾಳೆ ನೋಡದೆ ಯಾರ ಬರಹಕ್ಕೂ ಸಹಿ ಹಾಕುವವನಲ್ಲ" ಎಂದು ಅವರೂ ಹೇಳಿದ್ದರು.

ಐದು ವರ್ಷ ಕಳೆದು, ೧೯೮೬ರ ಒಂದು ಮಧ್ಯಾಹ್ನ, ಅದೇ ಕಾಮತರು ದೆಹಲಿಯ ಸಂಶೋಧನಾ ಪತ್ರಿಕೆಯಿಂದ ಬಂದ ಪತ್ರವನ್ನು ಗ್ರಂಥಾಲಯದ ಮೇಜಿನ ಮೇಲೆ ಬಡಿದರು. ಅವರ ಸಹಿಯೊಂದಿಗೆ ಹೋಗಿದ್ದ ಕಬೀರನ ಪ್ರಬಂಧ ತಿರುಗಿ ಬಂದಿತ್ತು.

"ಹನ್ನೆರಡು ವರ್ಷದ ಹಿಂದೆಯೇ ಅಚ್ಚಾಗಿದೆಯಂತೆ ಮಾರಾಯ! ಸಂಪುಟ, ಪುಟ ಎಲ್ಲ ಬರೆದಿದ್ದಾರೆ. ಆ ಸಂಪುಟ ನಮ್ಮಲ್ಲೇ ಉಂಟು. ಕದ್ದದ್ದು ಎಲ್ಲಿಂದ ಅಂತ ಇನ್ನು ಹುಡುಕಲಿಕ್ಕೆ ಎಂತ ಉಂಟು?"

"ನಾನು ಕದ್ದಿಲ್ಲ ಸರ್. ಆ ಆಸ್ಯಾಳ ಗಲಾಟೆಯಿಂದ ಹೊಳೆದದ್ದು."

ಅದು ಸುಳ್ಳಲ್ಲ. ಆಸ್ಯಾ ಎಂಬ ವಿದ್ಯಾರ್ಥಿನಿ ನಿಟ್ಟೆಯಿಂದ ಕುಕ್ಕುಂದೂರಿಗೆ ಮನೆ ಬದಲಿಸಿದಾಗ, ಕಾಲೇಜಿನ ಕಂಪ್ಯೂಟರಿನ ಮೂರು ಪಟ್ಟಿಗಳಲ್ಲಿ ಎರಡರಲ್ಲಿ ಮಾತ್ರ ವಿಳಾಸ ತಿದ್ದಿದ್ದರು. ಪರೀಕ್ಷೆಯ ಪತ್ರ ಹಳೆಯ ಮನೆಗೆ ಹೋಗಿ ಹುಡುಗಿ ಅತ್ತುಬಿಟ್ಟಿದ್ದಳು. ವಿಳಾಸವನ್ನು ಒಂದೇ ಕಡೆ ಬರೆದು, ಉಳಿದ ಕಡೆ ಅವಳ ನಂಬರು ಮಾತ್ರ ಇಟ್ಟರೆ? ಪಟ್ಟಿಗಳನ್ನು ಹಾಗೆ ಒಡೆಯುವ ನಿಯಮಗಳನ್ನು ಕಬೀರ್ ತಿಂಗಳುಗಟ್ಟಲೆ ಕೂತು ಕಟ್ಟಿದ್ದ. ಲೋಕದಲ್ಲಿ ಯಾರಿಗೂ ಹೊಳೆಯದ್ದು ತನಗೆ ಹೊಳೆಯಿತೆಂದು ಹಿಗ್ಗಿದ್ದ.

"ಶನಿವಾರ ನಿನ್ನ ಕೆಲಸ ಖಾಯಂ ಮಾಡುವ ಕಾಗದಕ್ಕೆ ನಾನು ಸಹಿ ಹಾಕಬೇಕು. ಕಳ್ಳನಿಗೆ ಹಾಕಲಾ?"

ಗ್ರಂಥಪಾಲಕಿ ಅಪೊಲೋನಿಯಾ ಬಾಯಿ ದಪ್ಪ ಸಂಪುಟವನ್ನು ಸೆರಗಿನಿಂದ ಒರೆಸಿ ತಂದಿಟ್ಟರು. ಕಾಮತರು ಹಿಂಬದಿಯ ರಟ್ಟಿನ ಕಿಸೆಯಿಂದ, ಪುಸ್ತಕ ಕೊಂಡುಹೋದವರ ಹೆಸರು ಬರೆಯುವ ಕಾರ್ಡು ಎಳೆದು, ಅದರ ತಲೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಕಬೀರನ ಮುಖಕ್ಕೆ ತೋರಿಸಿದರು.

"ಇದು ಯಾರ ಹೆಸರು?"

ಕಬೀರ್ ಬಗ್ಗಿ ಓದಿದ. ಹೆಸರು ಅವನದೇ. ಓದಿದ್ದೇನೆ ಎಂದರೆ ಕಳ್ಳ. ಓದಿಲ್ಲ ಎಂದರೆ ಮಾತಿಗೆ ತಪ್ಪಿದವ.

"ಕೊಂಡುಹೋದದ್ದು ಹೌದು ಸರ್. ಕಾಪುವಿನ ಮನೆಯಲ್ಲಿ ಇಪ್ಪತ್ತು ದಿನ ಇತ್ತು. ಓದಲಿಲ್ಲ."

"ಯಾಕೆ, ಮನೆಯಲ್ಲಿ ತಲೆದಿಂಬು ಇರಲಿಲ್ಲವಾ?"

"ಒಂದು ನಿಮಿಷ ಸರ್," ಎಂದು ಅಪೊಲೋನಿಯಾ ಬಾಯಿ ಪತ್ರ ನೋಡಿ ಆ ಪುಟ ತೆರೆಯಹೊರಟರು. ಅದು ತೆರೆದುಕೊಳ್ಳಲಿಲ್ಲ. ಅಚ್ಚುಕೂಟದಲ್ಲಿ ಅಂಚು ಕತ್ತರಿಸಲು ಮರೆತ, ಆ ಲೇಖನದ ಎಂಟು ಪುಟಗಳು ಅಂಟಿಸಿದ ಲಕೋಟೆಯ ಹಾಗೆ ಕೂಡಿಕೊಂಡೇ ಉಳಿದಿದ್ದವು. "ಬ್ಲೇಡು ಹಾಕದೆ ಇದನ್ನು ಓದಲಿಕ್ಕೇ ಆಗುವುದಿಲ್ಲ. ಕಬೀರ್ ಮಾಸ್ಟ್ರು ಕದ್ದಿಲ್ಲ. ಇದನ್ನು ಇಷ್ಟರವರೆಗೆ ಯಾರೂ ಓದಿಲ್ಲ."

ಕಾಮತರ ಮುಖ ಸಡಿಲವಾಯಿತು. "ಹಾಗಾದರೆ ಕಳ್ಳ ಅಲ್ಲ, ಬರೀ ಸೋಮಾರಿ," ಎಂದು ನಕ್ಕು ಕಾರ್ಡನ್ನು ಮೇಜಿನ ಮೇಲೆ ಎಸೆದರು. ಹೆಬ್ಬೆರಳು ಎದ್ದಿತು. ಕಬೀರನ ಹೆಸರಿನ ಮೇಲಿನ ಸಾಲಿನಲ್ಲಿ ಅವರದೇ ಹೆಸರಿತ್ತು. ಕೊಂಡುಹೋದ ದಿನಕ್ಕೂ ಹಿಂದಿರುಗಿಸಿದ ದಿನಕ್ಕೂ ನಡುವೆ ಒಂಬತ್ತು ತಿಂಗಳು.

ಕಬೀರ್ ಅದನ್ನು ನೋಡಿದ. ಅವನು ನೋಡಿದ್ದನ್ನು ಕಾಮತರು ನೋಡಿದರು.

"ಶನಿವಾರ ಕಾಗದ ತಾ," ಎಂದರು ಕಿಟಕಿಯ ಕಡೆ ತಿರುಗಿ. "ಸಹಿ ಹಾಕುವ."

"ಓದಿಯೇ ಅಲ್ವಾ ಸರ್?" ಎಂದು ಅಪೊಲೋನಿಯಾ ಬಾಯಿ ಡ್ರಾಯರಿನಿಂದ ಬ್ಲೇಡು ತೆಗೆದು ಇಬ್ಬರ ನಡುವೆ ಇಟ್ಟರು.

ಇಬ್ಬರೂ ಕೈ ಚಾಚಲಿಲ್ಲ. ಐದು ವರ್ಷದ ಹಿಂದೆ ಕೊಟ್ಟ ಮಾತು ಎರಡು. ಎರಡೂ ಮುರಿದಿದ್ದವು.