ಎರವಲು ನಡಿಗೆ

ಅವರೆಕಾಳು ಹಿದುಕುತ್ತಾ ಕೂತಿದ್ದೆ. ಹಜಾರದಲ್ಲಿ ಯಾರೋ ನಡೆದು ಬಂದ ಸದ್ದಾಯಿತು. "ಬನ್ನಿ, ಒಳಗೇ ಬನ್ನಿ" ಎಂದೆ.

"ನಾನಮ್ಮ" ಎಂದಳು ಮಗಳು ಸುಚರಿತಾ. "ಇವತ್ತೂ ನಂಗೆ ಬಹುವಚನಾನಾ?"

ಖೊಖೊ ಆಡುವಾಗ ಅವಳ ಮಂಡಿಯ ಲಿಗಮೆಂಟ್ ಹರಿದಿತ್ತು. ಆಪರೇಷನ್ ಆದವರಿಗೆಲ್ಲ ಕೊಡುವಂತೆ ಅವಳಿಗೂ ನಡಿಗೆ ತುಂಬಿದ ಬ್ರೇಸ್ ಕಟ್ಟಿದ್ದರು. ಗಟ್ಟಿ ಕಾಲಿನವರು ಯಾರೋ ದಾನ ಕೊಟ್ಟ ನಡಿಗೆ ಅದರೊಳಗಿರುತ್ತದೆ, ಕಾಲು ಅದರಂತೆಯೇ ನಡೆಯುತ್ತದೆ. ಇವಳಿಗೆ ಸಿಕ್ಕಿದ್ದು ಒಬ್ಬ ಅಂಚೆಯವರದಂತೆ. ನಿಧಾನ, ಒಂದೇ ಸಮ. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಬರುತ್ತಿದ್ದ ನನ್ನ ಹುಡುಗಿಯ ಹೆಜ್ಜೆ ಕೇಳಿ ಎಷ್ಟೋ ಕಾಲವಾಯಿತು. ಮನೆಯಲ್ಲಿರುವುದು ನಾವಿಬ್ಬರೇ. ಆದರೂ ದಿನವಿಡೀ ಗುರುತಿಲ್ಲದ ನೆಂಟರೊಬ್ಬರು ಓಡಾಡಿದಂತೆ ಕೇಳಿಸುತ್ತದೆ.

"ನಾಳೆ ಬ್ರೇಸ್ ಬಿಚ್ತಾರೆ" ಎಂದಳು. "ಆಮೇಲೆ ನಿನ್ನ ನಡಿಗೆನೇ ಬೇಕಾ, ಕಾಲಿಗೆ ಈಗ ರೂಢಿಯಾಗಿರೋ ಇದೇ ಇರ್ಲಾ ಅಂತ ಡಾಕ್ಟರ್ ಕೇಳಿದ್ರು. ನಂದೇ ಬಂದ್ರೆ ಮತ್ತೆ ಹರೀಬಹುದಂತೆ."

ನನಗೆ ಯಾವುದು ಬೇಕೆಂದು ಅವಳಿಗೆ ಗೊತ್ತಿತ್ತು. ನಾನು ಕಾಳಿನ ಬಟ್ಟಲನ್ನೇ ನೋಡುತ್ತಾ, "ಇದ್ರಲ್ಲಿ ನೋವಿದೆಯಾ?" ಎಂದೆ.

"ಇಲ್ಲಮ್ಮ."

"ಹಾಗಾದ್ರೆ ಇದೇ ಇರ್ಲಿ."

ಅವಳು ಕೋಣೆಯತ್ತ ಹೊರಟಳು. ಹೆಜ್ಜೆ ಕೇಳಿಸದಂತೆ ಕುಕ್ಕರಿನ ಸದ್ದು ಅಡ್ಡ ಬರುತ್ತಿತ್ತು. ಎದ್ದು ಒಲೆ ಆರಿಸಿದೆ.

"ಸುಚಿ, ಬಾಗಿಲತನಕ ಹೋಗಿ ಇನ್ನೊಂದು ಸಲ ಬಾ."

"ಯಾಕಮ್ಮ?"

"ಸುಮ್ನೆ ನಡಿ. ಗುರುತು ಮಾಡ್ಕೋತೀನಿ."