ಅಕ್ಕನ ಪಾಲಿನ ಕಡ್ಡಿ

"ಪಾಸಿಟಿವ್ ಬಂದಿರೋದು ನಿಮ್ಮ ಅಕ್ಕನಿಗೆ. ಅವರು ಕ್ವಾರಂಟೈನ್ ಹೋಟೆಲಿಗೆ ಹೋಗ್ಬೇಕು. ನೀವು ಹೊರಡಬಹುದು," ಎಂದು ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿ ತಲೆ ಎತ್ತದೆಯೇ ತಂಗಿಯ ಸರ್ಟಿಫಿಕೇಟಿಗೆ ಮುದ್ರೆ ಒತ್ತಿದ. ಬೆಳಗಿನಿಂದ ಇದನ್ನೇ ಹೇಳಿ ಹೇಳಿ ಅವನ ದನಿ ಸವೆದುಹೋಗಿತ್ತು.

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೋವಿಡ್ ಪರೀಕ್ಷೆಯ ಕಡ್ಡಿಯನ್ನು ಪ್ರಯಾಣಿಕರೇ ಮೂಗಿಗೆ ಹಾಕಿಕೊಂಡು ಕೊಡಬೇಕೆಂಬುದು ಅಲ್ಲಿಯ ನಿಯಮ. ಕಡ್ಡಿ ಕಂಡೇ ಜೀವ ಬಾಯಿಗೆ ಬಂದ ಅಕ್ಕ, "ನಂದೂ ನೀನೇ ಹಾಕ್ಕೊಂಡ್ಬಿಡೇ" ಎಂದು ಪರದೆಯ ಹಿಂದೆ ಗೋಗರೆದಿದ್ದಳು. ತಂಗಿ ಮೊದಲು ಅಕ್ಕನ ಕಡ್ಡಿಯನ್ನೇ ಕಣ್ಣಲ್ಲಿ ನೀರು ಬರುವಷ್ಟು ಆಳಕ್ಕೆ ತೂರಿಸಿಕೊಂಡಿದ್ದಳು. ತನ್ನದರ ಸರದಿ ಬರುವಷ್ಟರಲ್ಲಿ ಸಾಕುಸಾಕಾಗಿ, ಸುಮ್ಮನೆ ಮೂಗಿನ ತುದಿಗೆ ಮುಟ್ಟಿಸಿ ಮುಗಿಸಿದ್ದಳು.

ಗಾಜಿನ ಗೋಡೆಯಾಚೆ ತಂಗಿಯ ಮಗಳು, ಅಮ್ಮ ಇನ್ನೂ ಮುಟ್ಟಿರದ ತನ್ನ ಹಸುಗೂಸನ್ನು ಎತ್ತಿ ತೋರಿಸುತ್ತಿದ್ದಳು. "ಬಾಯಿ ಮುಚ್ಕೊಂಡು ಹೋಗೇ. ಹೋಟೆಲಲ್ಲಿ ನಾನಿರ್ತೀನಿ," ಎಂದು ಪಿಸುಗುಟ್ಟಿ ಅಕ್ಕ ತನ್ನ ಚೀಲ ಎತ್ತಿಕೊಂಡಳು.

ತಂಗಿ ಮುದ್ರೆ ಬಿದ್ದ ಕಾಗದ ಹಿಡಿದು ಕೂಸನ್ನು ಕಣ್ತುಂಬ ನೋಡಿದಳು. ಆಮೇಲೆ ಕಾಗದವನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದಳು.

"ಬೈಬೇಡಿ ಸಾರ್. ಅಕ್ಕನ ಕಡ್ಡಿ ಹೋಗಿದ್ದು ನನ್ನ ಮೂಗಿಗೆ."