ಒಳ್ಳೆಯ ಮಾತಿನ ಸರದಿ

ಡೀನ್ ಮೇಡಂ ಅದೇ ಕುಂಡಕ್ಕೆ ಮತ್ತೊಮ್ಮೆ ನೀರು ಹಾಕಲು ಹೋದಾಗ ಹಲ್ಲಿನ ಡಾಕ್ಟರಾದ ಗಂಡನಿಗೆ ಸುಮ್ಮನಿರಲಾಗಲಿಲ್ಲ.

"ಆ ಗಿಡಕ್ಕೆ ಈಜು ಬರುತ್ತಾ?" ಎಂದರು ಡಾಕ್ಟರು, ಪೇಪರಿನಿಂದ ತಲೆಯೆತ್ತದೆ. "ಅಷ್ಟು ತಳಮಳ ಇದ್ರೆ ಫೋನ್ ಮಾಡಿ ಕೇಳ್ಬಾರ್ದಾ?"

"ಮಾಡೋ ಹಾಗಿಲ್ಲ ರೀ. ಪರಿಶೀಲನಾ ತಂಡದವರು ಕಾಲೇಜಿನ ಗೇಟು ದಾಟಿ ಹೊರಗೆ ಹೋಗೋವರೆಗೂ ಮಾರ್ಗದರ್ಶಿ ಆದವಳು ಬಾಯಿ ಬಿಡೋ ಹಾಗಿಲ್ಲ. ನಿಯಮ."

"ಸಂಬಳ ಇಲ್ಲ, ರಜೆ ಇಲ್ಲ, ಈಗ ಬಾಯೂ ಇಲ್ಲ. ಭಲೇ ಕೆಲಸ ಹಿಡ್ದಿದ್ದೀಯ ಬಿಡು."

ಆ ಕೆಲಸ ಹಿಡಿದು ಮೂರು ವರ್ಷವಾಗಿತ್ತು. ತಮ್ಮ ದೊಡ್ಡ ಬಿಸಿನೆಸ್ ಸ್ಕೂಲಿನ ತಲೆನೋವು ಸಾಲದೆಂಬಂತೆ, ಡೀನ್ ಪ್ರತಿ ಭಾನುವಾರ ಬೆಳಿಗ್ಗೆ ಬೇರೆ ಊರಿನ ಒಂದು ಪುಟ್ಟ ಸಂಜೆ ಕಾಲೇಜಿನ ನಿರ್ದೇಶಕಿಯೊಡನೆ ಫೋನಿನಲ್ಲಿ ಕೂರುತ್ತಿದ್ದರು. ಹಗಲೆಲ್ಲ ಅಂಗಡಿ, ಗೋದಾಮು, ಆಸ್ಪತ್ರೆಗಳಲ್ಲಿ ದುಡಿದು ಬಂದವರು ಅಲ್ಲಿ ವ್ಯವಹಾರ ಕಲಿಯುತ್ತಿದ್ದರು. ಈ ಸಲ ಮಾನ್ಯತೆ ಸಿಗದಿದ್ದರೆ ಕಾಲೇಜಿಗೆ ಬೀಗ. ನಿರ್ದೇಶಕಿಯೋ ಎಳೆ ವಯಸ್ಸಿನವಳು, ಅರ್ಧ ಮಾತು ಆಡಿ ಅರ್ಧ ನುಂಗುವವಳು. ಡೀನ್ ಅವಳ ವರದಿಯ ಒಂದೊಂದು ಪುಟವನ್ನೂ ಹಿಂಜಿ, ಗ್ರಂಥಾಲಯ ಸಾಲದು, ಸಂಶೋಧನೆ ಸಾಲದು, ಹಳೆಯ ವಿದ್ಯಾರ್ಥಿಗಳ ಸುಳಿವೇ ಇಲ್ಲ ಎಂದು ತಿದ್ದುತ್ತ ಬಂದಿದ್ದರು. ಕಡೆಯ ಭಾನುವಾರ ಒಂದು ಸಲಹೆ ಕೊಟ್ಟಿದ್ದರು: "ಕೊರತೆಗಳನ್ನ ಮುಚ್ಚಿಡಬೇಡಿ. ಅವರು ಕಂಡುಹಿಡಿಯೋ ಮೊದಲು ನೀವೇ ಹೇಳಿಬಿಡಿ."

ಫೋನು ಹೊಡೆದುಕೊಂಡಿತು. ನೀರಿನ ಪಾತ್ರೆ ಕುಂಡದ ಮೇಲೇ ಉಳಿಯಿತು.

"ಮೇಡಂ, ಈಗ ಹೋದ್ರು," ಎಂದಳು ನಿರ್ದೇಶಕಿ. "ನೀವು ಹೇಳಿದ ಹಾಗೇ ಮಾಡ್ದೆ. ಮೊದಲನೇ ದಿನ, ಕಾಲೇಜಿನ ಪರಿಚಯ ಮಾಡ್ಕೊಡಿ ಅಂದಾಗ, ಕೊರತೆಗಳನ್ನೆಲ್ಲ ಹೇಳ್ಬಿಟ್ಟೆ."

"ಸರಿ. ಆಮೇಲೆ?"

"ಆಮೇಲೆ... ಟೈಮ್ ಮುಗೀತು."

"ಅಂದ್ರೆ? ಒಳ್ಳೇದು ಒಂದೂ ಹೇಳ್ಲಿಲ್ವಾ?"

"ಇಲ್ಲ ಮೇಡಂ."

ಡೀನ್ ಕುರ್ಚಿಗೆ ಕುಸಿದರು. ಸ್ವತಃ ಎಷ್ಟೋ ಕಾಲೇಜುಗಳಿಗೆ ಪರಿಶೀಲನೆಗೆ ಹೋಗಿಬಂದವರು ಅವರು. ಹಿಂದಿನ ದಿನವಷ್ಟೇ ಬಳಿದ ಬಣ್ಣದ ವಾಸನೆ, ಬಾಯಿಪಾಠ ಮಾಡಿಸಿದ ವಿದ್ಯಾರ್ಥಿಗಳು, ಗಿಲೀಟು ಮಾತು, ಎಲ್ಲ ಕಂಡಿದ್ದರು. ತನ್ನ ಮೇಲೆ ತಾನೇ ಚಾಡಿ ಹೇಳಿಕೊಂಡ ಕಾಲೇಜನ್ನು ಮಾತ್ರ ಕಂಡಿರಲಿಲ್ಲ. ಒಳ್ಳೆಯದಾಗಲೆಂದು ಕೊಟ್ಟ ಸಲಹೆಯೇ ಆ ಹುಡುಗಿಯ ಕಾಲೇಜನ್ನು ನುಂಗಿ ನೀರು ಕುಡಿಯಿತಲ್ಲ!

"ಅವರೇನಂದ್ರು?"

"ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ತಪ್ಪು ಹುಡುಕೋಕೆ ಅಂತ ಬಂದೋರು, ಹುಡುಕೋಕೆ ಏನೂ ಉಳಿದಿರ್ಲಿಲ್ವಲ್ಲ, ಪಾಪ. ಕೊನೆಗೆ ತಂಡದ ಅಧ್ಯಕ್ಷರು, 'ಹಾಗಾದ್ರೆ ಒಳ್ಳೇದನ್ನ ನಾವೇ ಹುಡುಕ್ಬೇಕಾಯ್ತು' ಅಂತ ಎದ್ರು. ಅವತ್ತಿಂದ ಕಾಲೇಜೆಲ್ಲ ಸುತ್ತಿದ್ದೇ ಸುತ್ತಿದ್ದು. ಲೆಕ್ಕಶಾಸ್ತ್ರದ ಕ್ಲಾಸಿಗೆ ಇಣುಕೋಕೆ ಹೋದೋರೊಬ್ಬರು ಹಿಂದಿನ ಬೆಂಚಲ್ಲಿ ಕೂತವರು ಏಳ್ಲೇ ಇಲ್ಲ."

"ಯಾಕಂತೆ?"

"ಮೇಷ್ಟ್ರು ತೂಕಡಿಸೋರನ್ನ ಎಬ್ಬಿಸಲ್ಲ ಮೇಡಂ. ಬೆಳಿಗ್ಗೆಯಿಂದ ದುಡಿದಿರ್ತಾರಲ್ಲ. ಕ್ಲಾಸ್ ಮುಗಿದ ಮೇಲೆ ಅವರನ್ನಷ್ಟೇ ಕೂರಿಸ್ಕೊಂಡು ಇನ್ನೊಂದ್ಸಲ ಪಾಠ ಮಾಡ್ತಾರೆ. ನಮ್ಮಲ್ಲಿ ಎಲ್ಲರೂ ಹಾಗೇನೇ. ಅದನ್ನ ನೋಡಿ ಅವರ್ಯಾಕೆ ಕನ್ನಡಕ ಒರೆಸ್ಕೊಂಡ್ರೋ ಗೊತ್ತಿಲ್ಲ."

"ಕೊನೆಗೆ ಏನಾಯ್ತು ಹೇಳ್ರೀ ತಾಯಿ!"

"ಮಾನ್ಯತೆಗೆ ಶಿಫಾರಸು ಮಾಡ್ತಾರಂತೆ."

ಡಾಕ್ಟರು ಪೇಪರು ಮಡಿಸಿಟ್ಟರು. ಜೀವ ಬಂದದ್ದೇ ತಡ, ಡೀನಿಗೆ ಹಳೆಯ ಸಿಡುಕೂ ಬಂತು. "ಅಲ್ಲ, ಇಷ್ಟೆಲ್ಲ ಇಟ್ಕೊಂಡು ಬಾಯಿಗೆ ಬೀಗ ಹಾಕ್ಕೊಂಡು ನಿಂತ್ರಲ್ಲ! ಒಂದಾದ್ರೂ ಹೇಳೋಕೆ ಏನಾಗಿತ್ತು?"

"ಇದೆಲ್ಲ ಒಳ್ಳೇದು ಅಂತ ನನಗೆ ಗೊತ್ತಿರ್ಲಿಲ್ಲ ಮೇಡಂ. ನೀವು ಯಾವತ್ತೂ ಹೇಳಿರ್ಲಿಲ್ವಲ್ಲ."

ದೂರಿನ ಸೋಂಕೂ ಇರದ ಮಾತು. ಹೊರಗೆ ಮೋಡ ಇದೆ ಎನ್ನುವಷ್ಟೇ ಸಹಜವಾಗಿ ಹೇಳಿದಳು. ಡೀನ್ ಮೂರು ವರ್ಷದ ಭಾನುವಾರಗಳನ್ನೆಲ್ಲ ತಡಕಾಡಿದರು. ಫೋನಿಟ್ಟ ಮೇಲೆ ಗಂಡನ ಮುಂದೆ, "ಎಂಥ ಹುಡುಗಿ ಗೊತ್ತೇನ್ರೀ, ಅಂಥವಳು ನಮ್ಮಲ್ಲಿ ಒಬ್ಬಳೂ ಇಲ್ಲ" ಎಂದದ್ದು ಎಷ್ಟು ಸಲವೋ. ಫೋನಿಡುವ ಮೊದಲು ಅಂದ ಒಂದೇ ಒಂದು ಸಲವೂ ನೆನಪಾಗಲಿಲ್ಲ.

ಡಾಕ್ಟರು ಹತ್ತಿರ ಬಂದು ಪಿಸುಗುಟ್ಟಿದರು. "ನನ್ನ ಕಿವಿಗೆ ತುಂಬಿದ್ದನ್ನೆಲ್ಲ ಆ ಮಗೂಗೆ ಹೇಳೇ."

ತುಂಬಿದ ಸಭೆಗಳಲ್ಲಿ ತೊದಲದ ಡೀನ್ ಈಗ ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಾಯಿಸಿದರು, ಸೆರಗು ಸರಿಮಾಡಿಕೊಂಡರು.

"ನೋಡಿ. ಮೊದಲನೇದು, ನಿಮಗೆ ಸುಳ್ಳು ಹೇಳೋಕೆ ಬರಲ್ಲ. ಎರಡನೇದು, ನಾನು ಎಷ್ಟೇ ಹಂಗಿಸಿದ್ರೂ, ಮುಂದಿನ ವಾರ ತಿದ್ಕೊಂಡು ಬಂದು ನಿಲ್ತಿದ್ರಿ. ನಾನಾಗಿದ್ರೆ ಫೋನೇ ಎತ್ತುತ್ತಿರ್ಲಿಲ್ಲ. ಮೂರನೇದು..."

ಆ ಕಡೆಯಿಂದ ಮೂಗೆಳೆದುಕೊಳ್ಳುವ ಸದ್ದು ಬಂತು.

"ಅಳೋದು ಆಮೇಲಿರ್ಲಿ," ಎಂದು ಡೀನ್ ಗದರಿದರು. "ಇನ್ನೂ ತುಂಬಾ ಇದೆ."